ಪ್ರಶ್ನೋತ್ತರ: ಧರ್ಮಗಳನ್ನು ವಿಶ್ವವಿದ್ಯಾಲಯದಲ್ಲಿ ಓದುವುದೆಂದರೆ ಏನು?

ಜಗತ್ತಿನ ಧರ್ಮಗಳನ್ನು ವಿಶ್ವವಿದ್ಯಾಲಯದ ಒಂದು ವಿಷಯವಾಗಿ ಅಧ್ಯಯನ ಮಾಡುವ ಕುರಿತು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಈ ಬಾರಿ ಉತ್ತರಕ್ಕೆ ಆರಿಸಿಕೊಂಡಿದ್ದೇನೆ. ದೀರ್ಘವಾದ ಪತ್ರಗಳನ್ನು ಸಂಕ್ಷೇಪಿಸಿದ್ದೇನೆ. ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ (ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಹಾಸನ): ಇತಿಹಾಸ ಮತ್ತು ಕನ್ನಡ ನನ್ನ ಮುಖ್ಯ ವಿಷಯಗಳು. ಧರ್ಮಗಳ ಅಧ್ಯಯನವು ಅಂತರಶಿಸ್ತೀಯ ವಿಷಯವೆಂದು ಓದಿದೆ. ಇತಿಹಾಸ, ತತ್ತ್ವಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಧರ್ಮದ ಪಾಠಗಳು ಈಗಾಗಲೇ ಇರುವಾಗ ಇದು ಬೇರೆಯಾಗಿ ಏನನ್ನು ಕಲಿಸುತ್ತದೆ?

ಉತ್ತರ: ಯಾರೂ ಕೇಳರಿಯದ ಹೊಸ ವಿಧಾನವೊಂದನ್ನು ಅದು ಕಲಿಸುವುದಿಲ್ಲ. ಈಗಾಗಲೇ ಇರುವ ಹಲವು ವಿಧಾನಗಳನ್ನು ಒಂದೇ ವಸ್ತುವಿನ ಮೇಲೆ ಒಟ್ಟಾಗಿ ಪ್ರಯೋಗಿಸುವುದನ್ನೂ, ಒಂದು ವಿಧಾನ ಹೇಳಿದ್ದನ್ನು ಇನ್ನೊಂದರಿಂದ ಪರೀಕ್ಷಿಸುವುದನ್ನೂ ಕಲಿಸುತ್ತದೆ. ಇದನ್ನು ನಿಮ್ಮ ಜಿಲ್ಲೆಯದೇ ಒಂದು ಕಲ್ಲಿನ ಮೂಲಕ ವಿವರಿಸುತ್ತೇನೆ.

ಶ್ರವಣಬೆಳಗೊಳಕ್ಕೆ ಹೋದವರು ಸಾಮಾನ್ಯವಾಗಿ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ಕಂಡು ಹಿಂದಿರುಗುತ್ತಾರೆ. ಊರೊಳಗಿನ ಭಂಡಾರಿ ಬಸದಿಯಲ್ಲಿರುವ 1368ರ ಶಾಸನದ ಮುಂದೆ ನಿಲ್ಲುವವರು ಕಡಿಮೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವೊಂದನ್ನು ವಿಜಯನಗರದ ಒಂದನೆಯ ಬುಕ್ಕರಾಯನು ತೀರಿಸಿದ ಬಗೆ ಅದರಲ್ಲಿದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಳ್ಳುತ್ತಾರೆ. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದ ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿಟ್ಟು, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರುತ್ತಾನೆ.

ನಮ್ಮ ವೇದಿಕೆಗಳಲ್ಲಿ ಈ ಶಾಸನದ ಪ್ರಸ್ತಾಪ ಬಂದಾಗಲೆಲ್ಲ ಮಾತು ಇಷ್ಟಕ್ಕೇ ನಿಲ್ಲುತ್ತದೆ. ಆದರೆ ಅದನ್ನು ಮೊದಲ ಸಾಲಿನಿಂದ ಓದತೊಡಗಿದವರಿಗೆ ಎದುರಾಗುವುದು ರಾಮಾನುಜಾಚಾರ್ಯರನ್ನು ‘ಪಾಷಂಡಸಾಗರ ಮಹಾಬಡವಾಮುಖಾಗ್ನಿ’, ಅಂದರೆ ಪಾಷಂಡರೆಂಬ ಸಮುದ್ರವನ್ನು ಸುಡುವ ಬಡಬಾಗ್ನಿ, ಎಂದು ಕೊಂಡಾಡುವ ಶ್ಲೋಕ. ವೇದವನ್ನು ಒಪ್ಪದ ಜೈನರೂ ಆ ಕಾಲದ ವೈದಿಕರ ದೃಷ್ಟಿಯಲ್ಲಿ ಪಾಷಂಡರೇ. ಜೈನರಿಗೆ ಅಭಯ ಕೊಡುವ ಶಾಸನ, ಅದೂ ಜೈನ ಬಸದಿಯಲ್ಲಿ ನಿಂತಿರುವ ಶಾಸನ, ಇಂಥ ಶ್ಲೋಕದಿಂದ ಏಕೆ ತೊಡಗಿತು? ಮುಂದೆ ಓದಿದರೆ ಇನ್ನಷ್ಟು ವಿವರಗಳಿವೆ. ಜೈನ ದರ್ಶನಕ್ಕೆ ಹಿಂದಿನಂತೆಯೇ ಪಂಚಮಹಾವಾದ್ಯಗಳೂ ಕಲಶವೂ ಸಲ್ಲಬೇಕು. ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡಬೇಕು. ಆ ಹಣವನ್ನು ಶ್ರೀವೈಷ್ಣವರಾದ ತಿರುಮಲೆಯ ತಾತಯ್ಯನವರು ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

ಇತಿಹಾಸದ ವಿದ್ಯಾರ್ಥಿನಿಯಾಗಿ ನೀವು ಇಲ್ಲಿ ಒಂದು ಹೊಸ ರಾಜ್ಯವನ್ನು ಕಾಣುತ್ತೀರಿ. ಸ್ಥಾಪನೆಯಾಗಿ ಕೆಲವೇ ದಶಕ ಕಳೆದಿದ್ದ ಆ ರಾಜ್ಯಕ್ಕೆ ವರ್ತಕ ಸಮುದಾಯಗಳ ನೆಮ್ಮದಿಯೂ ಬೇಕಿತ್ತು, ದೊಡ್ಡ ಕ್ಷೇತ್ರಗಳ ಆಚಾರ್ಯರ ಒಪ್ಪಿಗೆಯೂ ಬೇಕಿತ್ತು. ಶಾಸನದ ಕೊನೆಯ ಭಾಗದಲ್ಲಿ ಕಲ್ಲೇಹದ ಬುಸುವಿಸೆಟ್ಟಿಗೆ ಎರಡೂ ಸಮಯದವರು, ಅಂದರೆ ಎರಡೂ ಮತದವರು, ಕೂಡಿ ಸಂಘನಾಯಕ ಪದವಿ ಕೊಟ್ಟ ಸಂಗತಿ ಬರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಮಾಜಶಾಸ್ತ್ರ ತಿಳಿದವರು ಜಗಳದ ವಸ್ತು ಯಾವುದೆಂದು ಕೇಳುತ್ತಾರೆ: ಕಲ್ಲಿನಲ್ಲಿ ಎದ್ದು ಕಾಣುವುದು ವಾದ್ಯ ಮತ್ತು ಕಲಶ, ಅಂದರೆ ಹತ್ತು ಜನರ ಕಣ್ಣೆದುರು ಸಲ್ಲುವ ಮರ್ಯಾದೆ. ಕಾನೂನು ಓದಿದವರ ಗಮನ ಇನ್ನೊಂದು ಕಡೆ ಹೋಗುತ್ತದೆ: ಆರೋಪಕ್ಕೆ ಒಳಗಾದ ಪಕ್ಷದವರಿಗೇ ಕಾವಲಿನ ಹೊಣೆ, ದೂರು ಕೊಟ್ಟ ಪಕ್ಷದವರದ್ದೇ ಖರ್ಚು.

ತತ್ತ್ವಶಾಸ್ತ್ರದ ಪ್ರಶ್ನೆ ಇವೆಲ್ಲಕ್ಕಿಂತ ಹರಿತವಾದದ್ದೆಂದು ನನಗೆ ತೋರುತ್ತದೆ. ಜೈನರು ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಶ್ರೀವೈಷ್ಣವರ ದರ್ಶನವಾದ ವಿಶಿಷ್ಟಾದ್ವೈತದಲ್ಲಿ ನಾರಾಯಣನೇ ಜಗತ್ಕಾರಣ. ಹಾಗಿರುವಾಗ ‘ಭೇದವಿಲ್ಲ’ ಎಂಬುದು ಸಿದ್ಧಾಂತದ ಮಾತಾಗಿರಲು ಸಾಧ್ಯವಿಲ್ಲ, ಆ ಸಭೆಯಲ್ಲಿದ್ದ ಆಚಾರ್ಯರಿಗೆ ಅದು ತಿಳಿಯದೆಯೂ ಇರಲಿಲ್ಲ. ಅದು ಒಂದು ರಾಜ್ಯದೊಳಗೆ ಇಬ್ಬರೂ ಬಾಳಬೇಕಾದ ರೀತಿಯನ್ನು ಕುರಿತ ಮಾತು. ಇದನ್ನು ಗುರುತಿಸದೆ ಬರಿಯ ಸಮನ್ವಯದ ಘೋಷಣೆಯಾಗಿ ಓದಿದರೆ ಎರಡೂ ದರ್ಶನಗಳಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆ ಅರಸನ ಚಾತುರ್ಯವೂ ಕಣ್ಣಿಗೆ ಬೀಳುವುದಿಲ್ಲ.

ಇನ್ನು ತುಲನೆ. ಫ್ರಾನ್ಸಿನಲ್ಲಿ ನಾಲ್ಕನೆಯ ಹೆನ್ರಿಯು 1598ರಲ್ಲಿ ನಾಂತ್ ನಗರದಲ್ಲಿ ಹೊರಡಿಸಿದ ಶಾಸನವು ಕ್ಯಾಥೊಲಿಕ್ ರಾಜ್ಯದೊಳಗೆ ಪ್ರಾಟೆಸ್ಟೆಂಟರಿಗೆ ಗೊತ್ತುಪಡಿಸಿದ ಸ್ಥಳಗಳಲ್ಲಿ ಆರಾಧನೆಯ ಹಕ್ಕನ್ನು ಕೊಟ್ಟಿತು. 1685ರಲ್ಲಿ ಹದಿನಾಲ್ಕನೆಯ ಲೂಯಿ ಅದನ್ನು ರದ್ದುಪಡಿಸಿದನು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ, ರಾಜಾಜ್ಞೆಯಿಂದ ದೊರೆತ ರಕ್ಷಣೆಗೂ ಎದುರು ಪಕ್ಷದಿಂದ ಮಾತು ಪಡೆದು ಕಲ್ಲಿನಲ್ಲಿ ಕೆತ್ತಿಸಿದ ರಕ್ಷಣೆಗೂ ಇರುವ ವ್ಯತ್ಯಾಸ ಕಾಣತೊಡಗುತ್ತದೆ. ನಾವು ಅವರಿಗಿಂತ ಮುಂದಿದ್ದೆವು ಎಂದು ಸಾಧಿಸುವುದಕ್ಕೆ ಈ ಹೋಲಿಕೆಯನ್ನು ಬಳಸಿದರೆ ಅಧ್ಯಯನ ಅಲ್ಲಿಗೇ ಮುಗಿಯುತ್ತದೆ. ಒಂದು ಸಮಾಜ ಭಿನ್ನಾಭಿಪ್ರಾಯವನ್ನು ಯಾವ ಯಾವ ಸಾಧನಗಳಿಂದ ನಿಭಾಯಿಸಬಲ್ಲದು ಎಂಬ ಪ್ರಶ್ನೆಗೆ ಬಳಸಿದರೆ ಬಹಳ ದೂರ ಹೋಗಬಹುದು.

ಇಷ್ಟು ಕೆಲಸವನ್ನು ಒಬ್ಬರೇ ಪೂರ್ತಿಯಾಗಿ ಮಾಡಲಾರರು. ಒಂದು ವಿಧಾನದಲ್ಲಿ ಗಟ್ಟಿಯಾಗಿದ್ದು, ಮಿಕ್ಕವುಗಳನ್ನು ಓದಿ ಅರ್ಥಮಾಡಿಕೊಳ್ಳುವಷ್ಟು, ಪ್ರಶ್ನಿಸುವಷ್ಟು ತಿಳಿವಳಿಕೆ ಪಡೆಯುವುದೇ ಈ ಶಿಕ್ಷಣದ ಗುರಿ.

ಪ್ರಶ್ನೆ (ಗೃಹಿಣಿ, ಚಿಕ್ಕಮಗಳೂರು): ಮಗ ಈ ವಿಷಯದಲ್ಲಿ ಎಂ.ಎ. ಮಾಡುತ್ತೇನೆನ್ನುತ್ತಾನೆ. ನಮ್ಮದು ಪೂಜೆ ಪುನಸ್ಕಾರದ ಮನೆ. ಎಲ್ಲ ಧರ್ಮಗಳನ್ನೂ ಹೊರಗಿನಿಂದ ನೋಡಿ ನೋಡಿ ಅವನಿಗೆ ಯಾವುದರಲ್ಲೂ ಶ್ರದ್ಧೆ ಉಳಿಯದೆ ಹೋದೀತೇ ಎಂಬ ಆತಂಕವಿದೆ.

ಉತ್ತರ: ತಾಯಿಯವರೇ, ತಮ್ಮ ಆತಂಕ ಸಹಜವಾದದ್ದು, ‘ಏನೂ ಆಗುವುದಿಲ್ಲ’ ಎಂದು ಹೇಳಿ ಅದನ್ನು ತಳ್ಳಿಹಾಕಲಾರೆ. ಕೆಲವರ ಶ್ರದ್ಧೆ ಈ ಓದಿನಿಂದ ಬದಲಾಗುತ್ತದೆ, ಕೆಲವರದು ಆಳವಾಗುತ್ತದೆ, ಮೊದಲಿನಿಂದಲೂ ಶ್ರದ್ಧೆಯಿಲ್ಲದೆ ಬಂದು ಹಾಗೆಯೇ ಉಳಿಯುವವರೂ ಇದ್ದಾರೆ. ವಿದ್ಯಾರ್ಥಿಯು ನಂಬಬೇಕೆಂದಾಗಲಿ ನಂಬಬಾರದೆಂದಾಗಲಿ ಈ ವಿಷಯ ಕೇಳುವುದಿಲ್ಲ. ಅದು ಕೇಳುವುದು ಬೇರೆಯದನ್ನು: ಇನ್ನೊಬ್ಬರು ನಂಬಿದ್ದನ್ನು ಅವರು ನಂಬಿದ ರೀತಿಯಲ್ಲಿಯೇ ಮೊದಲು ಹೇಳಲು ಬರಬೇಕು. ಲಾಹೋರಿನಲ್ಲಿ ಕೆಲಕಾಲ ಪಾಠ ಹೇಳಿದ್ದ ಕೆನಡಾದ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಅವರು ಇದನ್ನು ನಿಯಮವನ್ನಾಗಿಯೇ ಮಾಡಿದ್ದರು. ಒಂದು ಧರ್ಮದ ಬಗ್ಗೆ ನಾವು ಆಡಿದ ಮಾತನ್ನು ಆ ಧರ್ಮದವರು ಒಪ್ಪಿಕೊಳ್ಳುವಂತಿರಬೇಕು ಎಂಬುದು ಅವರ ನಿಲುವು. ಎಲ್ಲ ವಿದ್ವಾಂಸರೂ ಇದನ್ನು ಪೂರ್ತಿಯಾಗಿ ಒಪ್ಪಿಲ್ಲ, ಏಕೆಂದರೆ ಇತಿಹಾಸಕಾರರು ಕೆಲವೊಮ್ಮೆ ಅನುಯಾಯಿಗಳು ಒಪ್ಪದ್ದನ್ನೂ ಹೇಳಬೇಕಾಗುತ್ತದೆ. ಆದರೂ ಮೊದಲ ವರ್ಷದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಶಿಸ್ತು ಇಲ್ಲವೆಂದು ನಾನು ನಂಬಿದ್ದೇನೆ.

ಆಹಾರವನ್ನು ತೊರೆದು ದೇಹ ಬಿಡುವ ಜೈನ ವ್ರತವಾದ ಸಲ್ಲೇಖನದ ಉದಾಹರಣೆ ನೋಡಿ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮಾನವೆಂದು ಪರಿಗಣಿಸಿ ನಿಷೇಧಿಸಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ದೂರದರ್ಶನದ ಚರ್ಚೆಗಳಲ್ಲಿ ಎರಡೇ ಮಾತು ಕೇಳಿಬಂದವು: ಅದು ಪವಿತ್ರ, ಅಥವಾ ಅದು ಕ್ರೌರ್ಯ. ಧರ್ಮಗಳ ಅಧ್ಯಯನದ ವಿದ್ಯಾರ್ಥಿಯಾದರೋ ಮೊದಲು ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಹೋಗುತ್ತಾನೆ. ಅಲ್ಲಿನ ಬಂಡೆಗಳ ಮೇಲೆ, ಸುಮಾರು 7ನೆಯ ಶತಮಾನದಿಂದ ಮೊದಲ್ಗೊಂಡು, ಆಹಾರ ತೊರೆದು ದೇಹ ಬಿಟ್ಟ ಮುನಿಗಳ ಮತ್ತು ಕಂತಿಯರ (ಜೈನ ಸನ್ಯಾಸಿನಿಯರ) ಹೆಸರುಗಳಿವೆ. ನಂದಿಸೇನ ಮುನಿಯ ಶಾಸನವು ‘ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆರವೋಲ್ ಮಂಜುವೋಲ್’ ಎಂದು ತೊಡಗಿ, ರೂಪವೂ ಧನವೂ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಮಾಯವಾಗುವುವೆನ್ನುತ್ತದೆ. ಕನ್ನಡ ತರಗತಿಯಲ್ಲಿ ಅದು ಕಾವ್ಯ. ಇತಿಹಾಸದ ತರಗತಿಯಲ್ಲಿ ಆಧಾರ. ವೈದ್ಯ ನೀತಿಯ ತರಗತಿಯಲ್ಲಿ ಅದೇ ಆಚರಣೆ, ಚಿಕಿತ್ಸೆ ನಿರಾಕರಿಸುವ ಹಕ್ಕು ಎಲ್ಲಿಯವರೆಗೆ ಎಂಬ ಪ್ರಶ್ನೆಯಾಗುತ್ತದೆ. ಇಷ್ಟನ್ನೂ ಓದಿದವನು ಕೊನೆಗೆ ತನ್ನ ಅಭಿಪ್ರಾಯ ಹೇಳಬಾರದೆಂದಿಲ್ಲ, ಆದರೆ ಅದನ್ನು ಕೊನೆಗೇ ಹೇಳಬೇಕು.

ತಮ್ಮ ಮಗ ಮನೆಯ ಪೂಜೆಯಲ್ಲಿ ಕುಳಿತು ಹೊಸ ಪ್ರಶ್ನೆಗಳನ್ನು ಕೇಳುವ ಸಂಭವವಿದೆ. ದಯಮಾಡಿ ಅವನಿಗೆ ಉತ್ತರ ಹೇಳಿ. ಯಾವ ವ್ರತವನ್ನು ಯಾರಿಂದ ಕಲಿತಿರಿ, ತವರಿನ ರೂಢಿಗೂ ಇಲ್ಲಿನ ರೂಢಿಗೂ ಏನು ವ್ಯತ್ಯಾಸ ಎಂಬ ತಿಳಿವಳಿಕೆ ತಮ್ಮಂಥವರ ಬಳಿಯೇ ಇರುವುದು. ಗ್ರಂಥಗಳಲ್ಲಿ ಅದು ಸಿಗುವುದು ಅಪರೂಪ.

ಪ್ರಶ್ನೆ (ಉಪನ್ಯಾಸಕರು, ಕಡೂರು): ಸಂವಿಧಾನದ 28ನೆಯ ವಿಧಿಯಿರುವಾಗ ಸರ್ಕಾರಿ ಕಾಲೇಜಿನಲ್ಲಿ ಧರ್ಮಗಳನ್ನು ಪಠ್ಯವಾಗಿ ಬೋಧಿಸಲು ಅವಕಾಶವಿದೆಯೇ?

ಉತ್ತರ: ಇದೆ. 28ನೆಯ ವಿಧಿಯ ಮೊದಲ ಖಂಡವು, ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಧರ್ಮಗಳ ಬಗೆಗಿನ ಅಧ್ಯಯನವನ್ನಲ್ಲ. ಶಾಲಾ ಪಠ್ಯಕ್ರಮವನ್ನು ಕುರಿತ 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಎತ್ತಿಹಿಡಿದಿದೆ. ಅಮೆರಿಕದ ಸುಪ್ರೀಂ ಕೋರ್ಟು 1963ರಲ್ಲಿ, ಸರ್ಕಾರಿ ಶಾಲೆಗಳಲ್ಲಿ ಬೈಬಲ್ ಪಠಣವನ್ನು ಕುರಿತ ಶೆಂಪ್ ಪ್ರಕರಣದ ತೀರ್ಪಿನಲ್ಲಿ ಇಂಥದೇ ಗೆರೆ ಎಳೆದ ಮೇಲೆ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ವಿಭಾಗಗಳು ಬೆಳೆದವು.

ನಮ್ಮಲ್ಲಿ ಆಲೋಚನೆ ಅದಕ್ಕಿಂತ ಮೊದಲೇ ನಡೆದಿತ್ತು. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ 1948–49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ಪದವಿಯ ಮೊದಲ ವರ್ಷದಲ್ಲಿ ಬುದ್ಧ, ಕನ್ಫ್ಯೂಷಿಯಸ್, ಜರತುಷ್ಟ್ರ, ಸಾಕ್ರಟೀಸ್, ಯೇಸು, ಶಂಕರ, ರಾಮಾನುಜ, ಮಧ್ವ, ಮಹಮ್ಮದ್, ಕಬೀರ, ನಾನಕ್, ಗಾಂಧಿಯವರ ಜೀವನವನ್ನೂ, ಎರಡನೆಯ ವರ್ಷದಲ್ಲಿ ಧರ್ಮಗ್ರಂಥಗಳ ಆಯ್ದ ಭಾಗಗಳನ್ನೂ, ಮೂರನೆಯ ವರ್ಷದಲ್ಲಿ ಧರ್ಮದ ತತ್ತ್ವಜಿಜ್ಞಾಸೆಯನ್ನೂ ಕಲಿಸಬೇಕೆಂದು ಶಿಫಾರಸು ಮಾಡಿತು. ಮುಂದೆ 1964–66ರ ಶಿಕ್ಷಣ ಆಯೋಗವಾದ ಕೊಠಾರಿ ಆಯೋಗವೂ ಧಾರ್ಮಿಕ ಶಿಕ್ಷಣ ಬೇರೆ, ಧರ್ಮಗಳ ಕುರಿತ ಶಿಕ್ಷಣ ಬೇರೆ ಎಂದು ಸ್ಪಷ್ಟಪಡಿಸಿತು. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಅಧ್ಯಯನ ವಿಭಾಗ 1967ರಲ್ಲಿಯೇ ಆರಂಭವಾಯಿತು. ಇಷ್ಟು ಮುನ್ನಡೆಯಿದ್ದರೂ ನಮ್ಮ ಪದವಿ ಕಾಲೇಜುಗಳಿಗೆ ಈ ಪಾಠ ತಲುಪಲಿಲ್ಲವೆಂಬುದು ನನ್ನ ಮನಸ್ಸಿಗೆ ನೋವಿನ ಸಂಗತಿ.

ಪ್ರಶ್ನೆ (ನಿವೃತ್ತ ಶಿಕ್ಷಕರು, ಹಾಸನ): ಜಗತ್ತಿನ ಧರ್ಮಗಳ ಬಗೆಗಿನ ಪಠ್ಯಪುಸ್ತಕವೊಂದನ್ನು ಓದಿದೆ. ಹಿಂದೂ ಧರ್ಮದ ಅಧ್ಯಾಯದಲ್ಲಿ ವೇದ, ಉಪನಿಷತ್ತು, ಗೀತೆ ಇವೆ. ನಮ್ಮ ಹಾಸನಾಂಬೆಗೆ ಅಲ್ಲಿ ಜಾಗವೇ ಇಲ್ಲ. ಇದು ಸರಿಯೇ?

ಉತ್ತರ: ತಾವು ಈ ವಿಷಯದ ದೊಡ್ಡ ದೌರ್ಬಲ್ಯದ ಮೇಲೆಯೇ ಕೈಯಿಟ್ಟಿದ್ದೀರಿ. ಜರ್ಮನ್ ಮೂಲದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ 1870ರಲ್ಲಿ ಲಂಡನ್ನಿನಲ್ಲಿ ಧರ್ಮಗಳ ವೈಜ್ಞಾನಿಕ ಅಧ್ಯಯನ ಕುರಿತು ಉಪನ್ಯಾಸಗಳನ್ನು ಕೊಟ್ಟರು. ಆ ಬಳಿಕ ಅವರ ಸಂಪಾದಕತ್ವದಲ್ಲಿ ಪೂರ್ವದೇಶಗಳ ಪವಿತ್ರ ಗ್ರಂಥಗಳ ಅನುವಾದಗಳು 50 ಸಂಪುಟಗಳಲ್ಲಿ ಹೊರಬಂದವು. ಆ ಕೆಲಸದ ಹಿರಿಮೆಯನ್ನು ಅಲ್ಲಗಳೆಯಲಾಗದು. ಆದರೆ ಧರ್ಮವೆಂದರೆ ಗ್ರಂಥ, ಸ್ಥಾಪಕ, ಸಿದ್ಧಾಂತ ಎಂಬ ಕಲ್ಪನೆ ಆಗ ನೆಲೆಯೂರಿತು. ಇವು ಮೂರೂ ಇಲ್ಲದ ಆರಾಧನೆಗಳು ಅಧ್ಯಾಯದ ಹೊರಗೆ ಉಳಿದವು. ಜಪಾನಿನಲ್ಲಿ ಒಂದೇ ಕುಟುಂಬದವರು ಮಗುವನ್ನು ಶಿಂಟೋ ದೇಗುಲಕ್ಕೆ ಕರೆದೊಯ್ಯುತ್ತಾರೆ, ಅಂತ್ಯಕ್ರಿಯೆಯನ್ನು ಬೌದ್ಧ ವಿಧಿಯಿಂದ ಮಾಡಿಸುತ್ತಾರೆ. ಅವರನ್ನು ಯಾವ ಅಧ್ಯಾಯಕ್ಕೆ ಸೇರಿಸುವುದು?

ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಧರ್ಮಗಳ ಅಧ್ಯಯನ ವಿಭಾಗವನ್ನು ಕಟ್ಟಿದ ನಿನಿಯನ್ ಸ್ಮಾರ್ಟ್ ಅವರು ಇದಕ್ಕೆ ಒಂದು ದಾರಿ ತೋರಿಸಿದರು. ಸಿದ್ಧಾಂತವೊಂದನ್ನೇ ಹಿಡಿಯದೆ ಆಚರಣೆ, ಕಥನ, ಅನುಭವ, ನೀತಿ, ಸಂಸ್ಥೆ ಮತ್ತು ಭೌತಿಕ ವಸ್ತುಗಳ ಮುಖಗಳಿಂದಲೂ ಧರ್ಮವನ್ನು ನೋಡಬೇಕೆಂದರು. ಹಾಸನಾಂಬೆಯನ್ನು ಹೀಗೆ ನೋಡಿ. ಹುತ್ತದ ರೂಪದಲ್ಲಿರುವ ದೇವಿಯೇ ವಸ್ತು. ಸಪ್ತಮಾತೃಕೆಯರಲ್ಲಿ ಮೂವರು ಇಲ್ಲಿ ನೆಲೆಸಿದರೆಂಬುದು ಕಥನ. ಆಶ್ವಯುಜದಲ್ಲಿ ಬಾಗಿಲು ತೆರೆಯುವ ದಿನ ಅರಸು ಮನೆತನದವರು ಬಾಳೆಕಂದು ಕಡಿಯುವುದು ಆಚರಣೆ. ಹಳೆಯ ಪಾಳೆಯಗಾರಿಕೆಗೂ ದೇವಿಗೂ ಇದ್ದ ನಂಟು ಆ ಒಂದು ಕತ್ತಿಯೇಟಿನಲ್ಲಿ ಇಂದಿಗೂ ಉಳಿದಿದೆ. ಹಿಂದಿನ ವರ್ಷ ಹಚ್ಚಿದ ದೀಪ ಆರಿರುವುದಿಲ್ಲವೆಂಬ ಭಕ್ತರ ನಂಬಿಕೆಯನ್ನು ವಿದ್ಯಾರ್ಥಿಯು ನಂಬಿಕೆಯಾಗಿ ದಾಖಲಿಸುತ್ತಾನೆ. ಸಾಲಿನಲ್ಲಿ ಗಂಟೆಗಟ್ಟಲೆ ನಿಂತ ಹೆಂಗಸು ಆ ದೀಪವನ್ನು ಕಂಡ ಕ್ಷಣದ ಬಗ್ಗೆ ಏನು ಹೇಳುತ್ತಾಳೆಂಬುದು ಅನುಭವದ ಮುಖ. ವಿಶೇಷ ದರ್ಶನದ ಟಿಕೆಟ್ಟು, ಜಿಲ್ಲಾಡಳಿತದ ವ್ಯವಸ್ಥೆ, 2023ರಿಂದ ಮಹಿಳೆಯರಿಗೆ ದೊರೆತ ಉಚಿತ ಬಸ್ ಪ್ರಯಾಣದಿಂದ ಬರುವವರ ಸ್ವರೂಪ ಹೇಗೆ ಬದಲಾಯಿತೆಂಬ ಪ್ರಶ್ನೆ, ಇವೆಲ್ಲ ಸಂಸ್ಥೆಯ ಮುಖಕ್ಕೆ ಸೇರುತ್ತವೆ. ಒಂದು ಪೂರ್ಣ ಸಂಶೋಧನ ಪ್ರಬಂಧಕ್ಕೆ ಸಾಕಾಗುವಷ್ಟು ಸಾಮಗ್ರಿ ಇಲ್ಲಿದೆ. ತಾವು ಹಲವು ದಶಕಗಳಿಂದ ಆ ಜಾತ್ರೆಯನ್ನು ಕಂಡಿರಬಹುದು. ನೆನಪಿರುವಷ್ಟನ್ನು ಬರೆದಿಡಬೇಕೆಂದು ವಿನಂತಿಸುತ್ತೇನೆ.

ಪ್ರಶ್ನೆ (ವಕೀಲರು, ಚಿಕ್ಕಮಗಳೂರು): ಬಾಬಾಬುಡನ್‌ಗಿರಿಯಂಥ ವಿವಾದವಿರುವ ಜಿಲ್ಲೆಯಲ್ಲಿ ಇಂಥ ಅಧ್ಯಯನದಿಂದ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುವುದಿಲ್ಲವೇ?

ಉತ್ತರ: ದತ್ತಾತ್ರೇಯ ಪೀಠವೆಂದೂ ಬಾಬಾಬುಡನ್ ದರ್ಗಾ ಎಂದೂ ಎರಡು ಸಮುದಾಯದವರು ಭಕ್ತಿಯಿಂದ ನಡೆದುಕೊಳ್ಳುವ ಆ ಸ್ಥಳದ ಬಗ್ಗೆ ನ್ಯಾಯಾಲಯ ಕೇಳುವ ಪ್ರಶ್ನೆಗಳು ತಮಗೆ ಚೆನ್ನಾಗಿ ಗೊತ್ತು: ಆಡಳಿತ ಯಾರ ಕೈಯಲ್ಲಿತ್ತು, ಇಂಥ ಕಾಲದಲ್ಲಿ ಯಾವ ಆಚರಣೆ ರೂಢಿಯಲ್ಲಿತ್ತು. ಅಲ್ಲಿ ಒಂದು ತೀರ್ಮಾನಕ್ಕೆ ಬರಲೇಬೇಕು. ಅಧ್ಯಯನಕ್ಕೆ ಆ ಒತ್ತಡವಿಲ್ಲ. ಒಂದೇ ಗುಹೆಯ ಬಗ್ಗೆ ಇಬ್ಬರು ಹೇಳುವ ಕಥೆಗಳನ್ನೂ, ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಐತಿಹ್ಯವನ್ನೂ, ದಫ್ತರಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವುದು ಯಾವ ಕಾಲದ ಮಾತು, ಯಾರ ಮಾತು ಎಂದು ಗುರುತಿಸುವುದು ಅದರ ಕೆಲಸ. ಇದೇ ಜಿಲ್ಲೆಯ ಶೃಂಗೇರಿಯನ್ನು ನೆನೆಯಿರಿ. 1791ರ ಮರಾಠಾ ಸೈನ್ಯದ ದಾಳಿಯಲ್ಲಿ ಮಠ ಲೂಟಿಯಾದ ನಂತರ ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಮೂಲಕ ಬೆಳಕಿಗೆ ಬಂದವು. ಆ ಪತ್ರಗಳಿಂದ ಟಿಪ್ಪುವಿನ ಕುರಿತ ಚರ್ಚೆ ಮುಗಿಯಲಿಲ್ಲ. ಆದರೆ ಅವನ್ನು ಬಿಟ್ಟು ಚರ್ಚಿಸುವುದು ಅಸಾಧ್ಯವಾಯಿತು. ವಿವಾದವಿರುವ ಕಡೆ ದಾಖಲೆಗಳನ್ನು ಓದಬಲ್ಲವರು ಹೆಚ್ಚು ಬೇಕು, ಕಡಿಮೆಯಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಒಪ್ಪುತ್ತೇನೆ: ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಯು ಮಾತನಾಡಿದವರ ಹೆಸರು, ಗುರುತುಗಳನ್ನು ಕಾಪಾಡಬೇಕು, ಉದ್ವಿಗ್ನತೆಯಿರುವ ದಿನಗಳಲ್ಲಿ ಅಲ್ಲಿಗೆ ಹೋಗಬಾರದು.

ಪ್ರಶ್ನೆ (ಕಾಫಿ ಬೆಳೆಗಾರರು, ಸಕಲೇಶಪುರ): ಮಗಳಿಗೆ ಆಸಕ್ತಿಯಿದೆ. ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ? ಎಲ್ಲಿ ಓದಬಹುದು, ಈಗಿನಿಂದಲೇ ಏನು ಸಿದ್ಧತೆ ಬೇಕು?

ಉತ್ತರ: ಇದನ್ನಷ್ಟೇ ನೆಚ್ಚಿಕೊಂಡರೆ ಕೆಲಸದ ದಾರಿ ಕಿರಿದು, ಇದನ್ನು ಮುಚ್ಚಿಟ್ಟು ಯಾರಿಗೂ ಸಲಹೆ ಕೊಡಬಾರದು. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತುಲನಾತ್ಮಕ ಅಧ್ಯಯನ ಒಂದು ಪ್ರತ್ಯೇಕ ವಿಷಯವಾಗಿದ್ದರೂ, ಆ ಹೆಸರಿನ ವಿಭಾಗಗಳು ದೇಶದಲ್ಲಿ ವಿರಳ. ಆದ್ದರಿಂದ ಇತಿಹಾಸ, ಕನ್ನಡ, ಸಮಾಜಶಾಸ್ತ್ರ ಅಥವಾ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಸಂಶೋಧನೆಗೆ ಧಾರ್ಮಿಕ ವಸ್ತುವನ್ನು ಆರಿಸಿಕೊಳ್ಳುವುದು ಕ್ಷೇಮವೆಂದು ನನ್ನ ಅಭಿಪ್ರಾಯ. ಆಗ ಕಾಲೇಜು ಬೋಧನೆ, ಪುರಾತತ್ತ್ವ ಇಲಾಖೆ, ವಸ್ತುಸಂಗ್ರಹಾಲಯ, ದಾಖಲೆಗಾರಿಕೆ, ಅನುವಾದ, ಪತ್ರಿಕೋದ್ಯಮದ ಬಾಗಿಲುಗಳೂ ತೆರೆದಿರುತ್ತವೆ. ಬೇಲೂರು ಮತ್ತು ಹಳೇಬೀಡು 2023ರಲ್ಲಿ ಸೋಮನಾಥಪುರದೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಹೊಯ್ಸಳೇಶ್ವರನ ಗುಡಿಯನ್ನೂ ಬಸದಿಹಳ್ಳಿಯ ಪಾರ್ಶ್ವನಾಥನನ್ನೂ ಒಂದೇ ಸಮಾಜದ ಕೃತಿಗಳಾಗಿ ವಿವರಿಸಬಲ್ಲವರ ಅಗತ್ಯ ನಿಮ್ಮ ಜಿಲ್ಲೆಯಲ್ಲಿಯೇ ಇದೆ.

ನೇರವಾಗಿ ಈ ವಿಷಯವನ್ನೇ ಓದಬೇಕೆಂದಿದ್ದರೆ ಪಟಿಯಾಲ ಮತ್ತು ರಾಜಗೀರ್‌ನ ನಾಲಂದಾ ವಿಶ್ವವಿದ್ಯಾಲಯಗಳನ್ನು ವಿಚಾರಿಸಬಹುದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವಿದೆ. ಸಿದ್ಧತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಭಾಷೆ. ಅನುವಾದಗಳನ್ನೇ ನಂಬಿದವರು ಒಂದು ಹಂತದಾಚೆಗೆ ಹೋಗಲಾರರು. ಹಳಗನ್ನಡವನ್ನು ಈಗಲೇ ಗಟ್ಟಿಮಾಡಿಕೊಳ್ಳಲಿ. ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಶ್ರವಣಬೆಳಗೊಳ ಸಂಪುಟವನ್ನು ಹತ್ತಿರದ ದೊಡ್ಡ ಗ್ರಂಥಾಲಯದಲ್ಲಿ ಕೇಳಿ ಪಡೆದು, ದಿನಕ್ಕೊಂದು ಚಿಕ್ಕ ಶಾಸನವನ್ನು ಬಿಡಿಸಿ ಓದಲಿ. ಪ್ರಾಕೃತ ಕಲಿಯುವ ಮನಸ್ಸಿದ್ದರೆ ಶ್ರವಣಬೆಳಗೊಳದಲ್ಲಿಯೇ ಅದರ ಅಧ್ಯಯನ ಸಂಸ್ಥೆಯಿದೆ. ತನ್ನ ಮನೆಯದಲ್ಲದ ಒಂದು ಪರಂಪರೆಯ ಭಾಷೆಯನ್ನೂ, ಅರಬ್ಬಿಯಾಗಲಿ ಪಾಳಿಯಾಗಲಿ ಗ್ರೀಕ್ ಆಗಲಿ, ಎಂ.ಎ. ಮುಗಿಯುವುದರೊಳಗೆ ಆರಂಭಿಸಬೇಕು. ಯಾವುದೇ ವಿಭಾಗಕ್ಕೆ ಅರ್ಜಿ ಹಾಕುವ ಮುನ್ನ, ಅಲ್ಲಿನ ಅಧ್ಯಾಪಕರು ಯಾವ ಯಾವ ಭಾಷೆಗಳ ಮೂಲ ಆಕರಗಳಲ್ಲಿ ಕೆಲಸ ಮಾಡುತ್ತಿದ್ದಾರೆಂದು ಪತ್ರ ಬರೆದು ಕೇಳಿ. ಬಂದ ಉತ್ತರವನ್ನು ನೋಡಿಕೊಂಡು ಸೇರಿಸುವ ವಿಚಾರ ಮಾಡಿ.